ಹಳೇ ಕಟ್ಟಡದ ಮ್ಯೂಸಿಯಂ: ಮೇಲಿನ ಮಹಡಿಯಿಂದ ನೋಡಲು ಶುರು ಮಾಡಿ

ಪ್ರಾದೇಶಿಕ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವಸ್ತುಗಳಿರುತ್ತವೆ. ಒಂದು, ನೆಲ ಅಗೆದಾಗ ಸಿಕ್ಕಿದ್ದು: ಕಲ್ಲಿನ ಹತಾರ, ಮಡಕೆ ಚೂರು, ನಾಣ್ಯ, ಮುಕ್ಕಾದ ಶಿಲ್ಪ. ಇನ್ನೊಂದು, ಆ ಸೀಮೆಯ ಜನ ತೀರಾ ಇತ್ತೀಚಿನವರೆಗೂ ಬಳಸುತ್ತಿದ್ದದ್ದು: ಮಗ್ಗ, ನೇಗಿಲು, ಅಡುಗೆ ಪಾತ್ರೆ, ಮದುವೆ ಬಟ್ಟೆ, ಒಡವೆ. ಮೊದಲನೆಯದನ್ನು ಪುರಾತತ್ವ ವಿಭಾಗ ಅಂತಾರೆ. ಎರಡನೆಯದಕ್ಕೆ ಎಥ್ನೋಗ್ರಫಿ, ಅಂದರೆ ಜನಜೀವನದ ವಿಭಾಗ.

ಇವನ್ನೆಲ್ಲ ಇಡುವುದಕ್ಕೆ ಹಳೇ ಕಟ್ಟಡವನ್ನೇ ಹುಡುಕಿಕೊಳ್ಳುವ ರೂಢಿ ಬಹಳ ಕಡೆ ಇದೆ. ಟರ್ಕಿಯ ಅಂಕಾರಾದಲ್ಲಿ ಅನಾಟೋಲಿಯನ್ ನಾಗರಿಕತೆಗಳ ಮ್ಯೂಸಿಯಂ ಇರುವುದು 15ನೇ ಶತಮಾನದ ಒಂದು ಮಾರುಕಟ್ಟೆ ಕಟ್ಟಡದಲ್ಲಿ. ಗ್ರೀಸಿನ ರೋಡ್ಸ್ ದ್ವೀಪದ ಪುರಾತತ್ವ ಮ್ಯೂಸಿಯಂ ಒಂದು ಕಾಲದ ಆಸ್ಪತ್ರೆ. ಮೆಕ್ಸಿಕೋದ ವಹಾಕಾದಲ್ಲಿ ಅದು ಕ್ರೈಸ್ತ ಸನ್ಯಾಸಿಗಳ ಮಠ.

ಇಂಥ ಜಾಗಕ್ಕೆ ಹೋದವರು ಸಾಮಾನ್ಯವಾಗಿ ಬಾಣದ ಗುರುತು ತೋರಿಸಿದ ಕಡೆ ನಡೆಯುತ್ತಾರೆ. ಮೊದಲ ಕೋಣೆ ಶಿಲಾಯುಗ. ಅಲ್ಲಿ ಪ್ರತಿ ಲೇಬಲ್ಲನ್ನೂ ಓದುತ್ತಾರೆ. ಮೂರನೇ ಕೋಣೆಗೆ ಬರುವ ಹೊತ್ತಿಗೆ ಮಡಕೆ ನೋಡಿ ನೋಡಿ ಸಾಕಾಗಿರುತ್ತದೆ. ಮೇಲಿನ ಮಹಡಿಗೆ ಹತ್ತುವಾಗ ಕಾಲು ನೋವು. ಅಲ್ಲಿರುವ ಜನಜೀವನದ ವಿಭಾಗವನ್ನು ಐದು ನಿಮಿಷದಲ್ಲಿ ಮುಗಿಸಿ ಹೊರಗೆ ಬರುತ್ತಾರೆ.

ಇದನ್ನು ಉಲ್ಟಾ ಮಾಡಿ ಅನ್ನುವುದೇ ಈ ಲೇಖನದ ಸಲಹೆ. ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಹೋಗಿ. ಮೊದಲು ಮಗ್ಗ ನೋಡಿ, ಆಮೇಲೆ ಮಗ್ಗದಿಂದ ಉಳಿದುಕೊಂಡ ಮಣ್ಣಿನ ಗುಂಡು ನೋಡಿ.

ಹೋಗುವ ಮೊದಲು

ಇಲ್ಲಿ ಜಾಸ್ತಿ ಹೇಳುವಂಥದ್ದೇನಿಲ್ಲ. ವಾರದ ರಜೆ ಯಾವತ್ತು ಅಂತ ನೋಡಿಕೊಳ್ಳಿ. ಸೋಮವಾರ ಮುಚ್ಚುವ ಮ್ಯೂಸಿಯಂಗಳು ಬಹಳ. ಮುಚ್ಚುವ ಸಮಯ ಬೇರೆ, ಟಿಕೆಟ್ ಕೊಡುವುದನ್ನು ನಿಲ್ಲಿಸುವ ಸಮಯ ಬೇರೆ. ಹಳೇ ಕಟ್ಟಡಗಳಲ್ಲಿ ರಿಪೇರಿ ಮುಗಿಯುವುದೇ ಇಲ್ಲ. ಇಡೀ ಒಂದು ಮಹಡಿ ಬಂದ್ ಆಗಿರಬಹುದು. ವೆಬ್‌ಸೈಟಿನಲ್ಲಿ ಅದನ್ನು ಹಾಕಿರುವುದಿಲ್ಲ, ಆದ್ದರಿಂದ ಫೋನ್ ಮಾಡಿ ಕೇಳುವುದೇ ವಾಸಿ. ಜೊತೆಯಲ್ಲಿ ವಯಸ್ಸಾದವರಿದ್ದರೆ ಮೆಟ್ಟಿಲು ಎಷ್ಟಿವೆ, ಲಿಫ್ಟ್ ಇದೆಯಾ ಅಂತಲೂ ಆಗಲೇ ಕೇಳಿ. ಕೋಟೆ, ಮಠಗಳ ಮೆಟ್ಟಿಲು ಕಡಿದಾಗಿರುತ್ತವೆ, ಸವೆದು ಜಾರುತ್ತವೆ. ಹಿಡಿತ ಇರುವ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ.

ದಪ್ಪ ಕಲ್ಲುಗೋಡೆಯ ಕಟ್ಟಡದ ಒಳಗೆ ಹೊರಗಿಗಿಂತ ತಂಪು. ಚಳಿಗಾಲದಲ್ಲಿ ಅದು ತಂಪಲ್ಲ, ಕೊರೆತ. ಒಂದು ಸ್ವೆಟರ್ ಇರಲಿ. ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ಪೆನ್ ಬೇಡ, ಇಂಕು ತಾಗುವ ಭಯಕ್ಕೆ ಕೆಲವು ಕಡೆ ಪೆನ್ಸಿಲ್ ಮಾತ್ರ ಬಿಡುತ್ತಾರೆ. ದೊಡ್ಡ ಬ್ಯಾಗನ್ನು ಹೇಗಿದ್ದರೂ ಕೌಂಟರಿನಲ್ಲಿ ಇಡಿಸುತ್ತಾರೆ.

ಮೊದಲು ಕಟ್ಟಡಕ್ಕೆ ಒಂದು ಸುತ್ತು

ಟಿಕೆಟ್ ತಗೊಂಡ ತಕ್ಷಣ ಒಳಗೆ ನುಗ್ಗಬೇಡಿ. ಅಂಗಳ ಇದ್ದರೆ ಅಂಗಳದಲ್ಲಿ ನಿಲ್ಲಿ. ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಮೊದಲು ಏನು ನಡೆಯುತ್ತಿತ್ತು? ಅದಕ್ಕೆ ಉತ್ತರ ಸಿಕ್ಕಿದರೆ ಒಳಗಿನ ಜೋಡಣೆಯ ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಂಕಾರಾದ್ದನ್ನೇ ತಗೊಳ್ಳಿ. ಎರಡನೇ ಮೆಹ್ಮದ್ ಸುಲ್ತಾನನ ಪ್ರಧಾನ ಮಂತ್ರಿ ಮಹಮೂದ್ ಪಾಷಾ ಕಟ್ಟಿಸಿದ ಮಾರುಕಟ್ಟೆ ಅದು. ನಡುವೆ 10 ಗುಮ್ಮಟಗಳ ಒಂದು ಹಜಾರ, ಸುತ್ತಲೂ ಅಂಗಡಿ ಸಾಲು. 1881ರ ಬೆಂಕಿ ಅನಾಹುತದ ನಂತರ ಪಾಳು ಬಿದ್ದಿತ್ತು. 1938ರಲ್ಲಿ ರಿಪೇರಿ ಶುರುವಾಗಿ, ಪೂರ್ತಿ ಮುಗಿದದ್ದು 1968ಕ್ಕೆ. ಇವತ್ತು ನಡುವಿನ ಹಜಾರದಲ್ಲಿ ದೊಡ್ಡ ದೊಡ್ಡ ಕಲ್ಲಿನ ಕೆತ್ತನೆಗಳಿವೆ. ಅಂಗಡಿ ಸಾಲು ಇದ್ದ ಕಡೆ ಕಾಲಕ್ರಮದಲ್ಲಿ ಗಾಜಿನ ಪೆಟ್ಟಿಗೆಗಳಿವೆ. ವ್ಯಾಪಾರಕ್ಕೆ ಮಾಡಿದ ನಕ್ಷೆಯೇ ನೋಡುಗರ ದಾರಿಯೂ ಆಗಿದೆ.

ಹೊರಗೋಡೆಯ ಕಲ್ಲುಗಳನ್ನು ಹತ್ತಿರ ಹೋಗಿ ನೋಡಿ. ಒಂದು ಕಲ್ಲು ಮಾತ್ರ ಬೇರೆ ಬಣ್ಣದ್ದಿದೆಯಾ? ಅಕ್ಷರ ತಲೆಕೆಳಗಾಗಿದೆಯಾ? ಹೂಬಳ್ಳಿಯ ಕೆತ್ತನೆ ಅರ್ಧಕ್ಕೇ ಕತ್ತರಿಸಿದೆಯಾ? ಹಾಗಿದ್ದರೆ ಆ ಕಲ್ಲು ಇನ್ನೂ ಹಳೆಯ ಬೇರೊಂದು ಕಟ್ಟಡದಿಂದ ಬಂದದ್ದು. ಟರ್ಕಿಯ ಬೋದ್ರುಮ್ ಕೋಟೆ ಇದಕ್ಕೆ ಒಳ್ಳೆಯ ಉದಾಹರಣೆ. 15ನೇ ಶತಮಾನದಲ್ಲಿ ಕ್ರೈಸ್ತ ಸೈನಿಕ ಪಂಗಡದವರು ಅದನ್ನು ಕಟ್ಟುವಾಗ ಕಲ್ಲು ಕಿತ್ತು ತಂದದ್ದು ಎಲ್ಲಿಂದ ಗೊತ್ತಾ? ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಮೌಸೋಲಸ್ ದೊರೆಯ ಸಮಾಧಿಯಿಂದ. ಗೋಡೆಯಲ್ಲಿ ಸೇರಿಹೋಗಿದ್ದ ಶಿಲ್ಪದ ಹಲಗೆಗಳನ್ನು 1846ರಲ್ಲಿ ಬಿಡಿಸಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಸಾಗಿಸಿದರು. ಕೋಟೆ ಈಗ ನೀರಿನಡಿಯ ಪುರಾತತ್ವದ ಮ್ಯೂಸಿಯಂ. ಒಳಗಿನ ಪೆಟ್ಟಿಗೆ ನೋಡುವ ಆತುರದಲ್ಲಿ ಹೊರಗಿನ ಗೋಡೆ ತಪ್ಪಿಸಿಕೊಂಡರೆ ನಷ್ಟ ನಮಗೇ.

ಇನ್ನೊಂದಿಷ್ಟು ಗಮನಿಸಿ: ಮುಚ್ಚಿದ ಬಾಗಿಲ ಚೌಕಟ್ಟು, ಹೊಸ್ತಿಲ ನಡುವೆ ಬಿದ್ದ ಸವೆತ, ಗೋಡೆಯೊಳಗಿನ ಗೂಡು. ರೋಡ್ಸ್ ಆಸ್ಪತ್ರೆಯ ಮೇಲ್ಮಹಡಿಯಲ್ಲಿ ರೋಗಿಗಳನ್ನು ಮಲಗಿಸುತ್ತಿದ್ದ ಉದ್ದನೆಯ ಹಜಾರ ಹಾಗೇ ಇದೆ. ಖಾಲಿ ಹಜಾರ ಅಂತ ದಾಟಿಕೊಂಡು ಹೋಗುವವರೂ ಇದ್ದಾರೆ!

ಈಗ ಮೇಲಕ್ಕೆ ಹತ್ತಿ

ಜನಜೀವನದ ವಿಭಾಗ ಯಾಕೆ ಅಷ್ಟೊಂದು ಕಡೆ ಮೇಲಿರುತ್ತದೆ? ಕಾರಣ ಭಾರ. ಶಿಲ್ಪ, ಶಾಸನದ ಕಲ್ಲು, ಕಲ್ಲಿನ ಶವಪೆಟ್ಟಿಗೆ ಇವನ್ನೆಲ್ಲ ಹಳೇ ಮರದ ತೊಲೆಗಳ ಮೇಲೆ ಇಡೋಕಾಗಲ್ಲ. ಅವು ಕೆಳಗೇ ಉಳಿಯುತ್ತವೆ. ಬಟ್ಟೆ, ಮರ, ಚರ್ಮ ಹಗುರ. ಜೊತೆಗೆ ನೆಲದ ತೇವ ಅವಕ್ಕೆ ಆಗದು. ಆದ್ದರಿಂದ ಮೇಲಕ್ಕೆ ಹೋಗುತ್ತವೆ. ಅದರಲ್ಲಿ ಯಾವ ಪಾಠದ ಕ್ರಮವೂ ಇಲ್ಲ, ನೀವು ಮುರಿದರೆ ಏನೂ ಆಗುವುದಿಲ್ಲ. ಕೆಲವು ಕಡೆ ಒಂದೇ ದಿಕ್ಕಿನಲ್ಲಿ ನಡೆಯಬೇಕು ಅನ್ನುವ ನಿಯಮ ಇರುತ್ತದೆ. ಕಾವಲಿನವರನ್ನು ಕೇಳಿ ನೋಡಿ. ಆಗಲ್ಲ ಅಂದರೆ ಕೆಳಗಿನ ಕೋಣೆಗಳನ್ನು ನಿಲ್ಲದೆ ದಾಟಿ ಮೇಲೆ ಹೋಗಿ, ಬರುವಾಗ ನೋಡಿದರಾಯಿತು.

ಮೇಲೆ ಕತ್ತಲು ಅನ್ನಿಸುತ್ತದೆ. ಕರೆಂಟ್ ಉಳಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಬಟ್ಟೆಯ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಅನ್ನುವುದು ಮ್ಯೂಸಿಯಂಗಳು ಪಾಲಿಸುವ ಲೆಕ್ಕ. ಬೆಳಕಿನಿಂದ ಬಣ್ಣ ಹೋದರೆ ಹೋಯಿತು, ವಾಪಸ್ ಬರುವುದಿಲ್ಲ. ದಿನದಿನದ ಹಾನಿ ಕೂಡುತ್ತಾ ಹೋಗುತ್ತದೆ. ಹಳೇ ಕಟ್ಟಡದ ಚಂದದ ಕಿಟಕಿಗಳನ್ನು ಹಲಗೆ ಹೊಡೆದು ಮುಚ್ಚುವುದೂ ಇದಕ್ಕೇ. ಎರಡು ನಿಮಿಷ ಸುಮ್ನೆ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ.

ಬಟ್ಟೆಗಳ ಕೋಣೆಯಲ್ಲಿ ಒಂದು ಎಚ್ಚರ ಬೇಕು. ಅಲ್ಲಿ ನಿಲ್ಲಿಸಿದ ಗೊಂಬೆಗಳೆಲ್ಲ ಜರಿ, ಕಸೂತಿ, ಬೆಳ್ಳಿ ಗುಂಡಿಗಳಲ್ಲಿ ಮಿಂಚುತ್ತಿರುತ್ತವೆ. ಆ ಕಾಲದವರು ದಿನಾ ಹೀಗೇ ಓಡಾಡುತ್ತಿದ್ದರು ಅನ್ನಿಸಿಬಿಡುತ್ತದೆ. ಮದುವೆ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟರು, ಉಳಿಯಿತು. ದಿನದ ಬಟ್ಟೆಯನ್ನು ಹರಿಯುವ ತನಕ ಉಟ್ಟರು, ಹರಿದ ಮೇಲೆ ತೇಪೆಗೆ, ನೆಲ ಒರೆಸೋಕೆ ಬಳಸಿದರು. ಅದು ಮ್ಯೂಸಿಯಂಗೆ ಬರುವುದಾದರೂ ಹೇಗೆ? ಮೊಣಕೈ ಹತ್ತಿರ ತೇಪೆ ಹಾಕಿದ ಒಂದು ಅಂಗಿ ಎಲ್ಲಾದರೂ ಕಂಡರೆ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲಿ.

ಲೇಬಲ್‌ಗಳ ಕ್ರಿಯಾಪದ ನೋಡಿ. “ಇಲ್ಲಿನ ಹೆಂಗಸರು ಈ ಒಡವೆ ಧರಿಸುತ್ತಾರೆ” ಅಂತ ಬರೆದಿರುತ್ತಾರೆ, ವಸ್ತು ಮಾತ್ರ ನೂರು ವರ್ಷದ ಹಿಂದೆ ಸಂಗ್ರಹಿಸಿದ್ದು. ಯಾವ ಊರು, ಯಾವ ಇಸವಿ, ಯಾರು ಮಾಡಿದ್ದು ಅಂತ ಹುಡುಕಿ. ಪುರಾತತ್ವದ ವಿಭಾಗದಲ್ಲಿ ದೊರೆಗಳ ಹೆಸರು ಸಿಗುತ್ತದೆ. ಇಲ್ಲಿ, ಅಜ್ಜ ಅಜ್ಜಿಯರ ಕಾಲದ ವಸ್ತುಗಳಿಗೇ ಮಾಡಿದವರ ಹೆಸರು ಇರುವುದಿಲ್ಲ. ನನಗಂತೂ ಇದು ಈ ಮ್ಯೂಸಿಯಂಗಳ ದೊಡ್ಡ ಕೊರತೆ.

ಮೇಲಿನದಕ್ಕೂ ಕೆಳಗಿನದಕ್ಕೂ ಜೋಡಿ ಹುಡುಕಿ

ಇದೇ ಮುಖ್ಯ ಕೆಲಸ. ಮೇಲಿನ ಮಹಡಿಯಲ್ಲಿ ಮೂರು ಉಪಕರಣ ಆರಿಸಿ. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗೀಚಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಯಾವ ಭಾಗ ಮರ, ಯಾವುದು ಕಲ್ಲು, ಯಾವುದು ಹಗ್ಗ ಅಂತ ಗುರುತು ಹಾಕಿ. ಆಮೇಲೆ ಒಂದು ಆಟ: ಇದನ್ನು ಮಣ್ಣಲ್ಲಿ ಹೂತು ಎರಡು ಸಾವಿರ ವರ್ಷ ಬಿಟ್ಟರೆ ಏನು ಉಳಿಯುತ್ತೆ? ಮರ, ಹಗ್ಗ, ಬಟ್ಟೆ, ಚರ್ಮ ಎಲ್ಲ ಹೊಡೆದುಹಾಕಿ. ಉಳಿದ ಭಾಗವನ್ನು ಕೆಳಗಿನ ಮಹಡಿಯಲ್ಲಿ ಹುಡುಕಿ.

ಮಗ್ಗದಿಂದ ಶುರು ಮಾಡಬಹುದು. ಯುರೋಪ್, ಟರ್ಕಿ ಕಡೆಯ ಪುರಾತತ್ವ ಕೋಣೆಗಳಲ್ಲಿ ತೂತಿರುವ ಮಣ್ಣಿನ ಗುಂಡುಗಳು ರಾಶಿರಾಶಿ ಕಾಣುತ್ತವೆ. ನೋಡೋಕೆ ಏನೂ ಇಲ್ಲದ ವಸ್ತು. ಜನ ನಿಲ್ಲುವುದೇ ಇಲ್ಲ. ಅವು ನೇರವಾಗಿ ನಿಲ್ಲಿಸಿದ ಮಗ್ಗದಲ್ಲಿ ಹಾಸಿನ ನೂಲನ್ನು ಕೆಳಕ್ಕೆ ಬಿಗಿಯಾಗಿ ಎಳೆದು ಹಿಡಿಯುತ್ತಿದ್ದ ಭಾರಗಳು. ಈ ಬಗೆಯ ಮಗ್ಗ ನಾರ್ವೆಯ ಕೆಲವು ಕಡೆ 20ನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಹಾಗಾಗಿ ಪ್ರಾಚೀನ ಮಗ್ಗ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ನೇಕಾರರ ಕೈಯಿಂದಲೇ ಕಲಿಯಲು ಸಾಧ್ಯವಾಯಿತು. ಸುಟ್ಟುಹೋದ ಮನೆಯ ನೆಲದ ಮೇಲೆ ಈ ಗುಂಡುಗಳು ಸಾಲಾಗಿ ಬಿದ್ದಿದ್ದರೆ, ಮಗ್ಗ ನಿಂತಿದ್ದ ಜಾಗ ಅದೇ. ಮರವೂ ಇಲ್ಲ, ನೂಲೂ ಇಲ್ಲ, ಆದರೂ ಮಗ್ಗದ ಅಗಲ ಅಳೆಯಬಹುದು.

ಎರಡನೆಯದು ಒಕ್ಕಣೆಯ ಹಲಗೆ. ಟರ್ಕಿ, ಸೈಪ್ರಸ್, ಸ್ಪೇನ್ ಕಡೆ ಕಣದಲ್ಲಿ ಪೈರಿನ ಮೇಲೆ ಎತ್ತು ಕಟ್ಟಿ ಎಳೆಸುತ್ತಿದ್ದ ದಪ್ಪ ಹಲಗೆ ಇದು. ಮೇಲೆ ಒಬ್ಬರು ನಿಲ್ಲುತ್ತಿದ್ದರು ಅಥವಾ ಕೂರುತ್ತಿದ್ದರು. ಮ್ಯೂಸಿಯಂನಲ್ಲಿ ಸಾಮಾನ್ಯವಾಗಿ ಗೋಡೆಗೆ ಒರಗಿಸಿ ನಿಲ್ಲಿಸಿರುತ್ತಾರೆ, ಅಡಿಭಾಗ ಕಾಣುವ ಹಾಗೆ. ಬಗ್ಗಿ ನೋಡಿ. ಅಡಿಯಲ್ಲಿ ಸಾಲು ಸಾಲಾಗಿ ಸೀಳಿನಂಥ ತೂತು, ಪ್ರತಿ ತೂತಿನಲ್ಲೂ ಚಕಮಕಿ ಕಲ್ಲಿನ ಒಂದು ಚಕ್ಕೆ. ಹುಲ್ಲಿಗೆ ಉಜ್ಜಿ ಉಜ್ಜಿ ಚಕ್ಕೆಗಳ ಹೊರ ಅಂಚು ನುಣುಪಾಗಿ ಹೊಳೆಯುತ್ತಿರುತ್ತದೆ. ಕೆಲವು ತೂತು ಖಾಲಿ.

ಈಗ ಕೆಳಗೆ ಹೋಗಿ ಶಿಲಾಯುಗದ ಪೆಟ್ಟಿಗೆ ನೋಡಿ. ಅಲ್ಲಿನ ಕಲ್ಲಿನ ಅಲಗುಗಳಲ್ಲಿ ಕೆಲವಕ್ಕೆ ಒಂದು ಅಂಚಿನಲ್ಲಿ ಮಾತ್ರ ಹೊಳಪು. ಗಾಜಿನ ಮುಂದೆ ಸ್ವಲ್ಪ ಆಚೀಚೆ ಸರಿದರೆ ಬೆಳಕು ಬಿದ್ದು ಕಾಣುತ್ತದೆ. ಹುಲ್ಲಿನ ಜಾತಿಯ ಗಿಡಗಳ ಕಾಂಡದಲ್ಲಿ ಸಿಲಿಕಾ (ಮರಳಿನಲ್ಲಿರುವಂಥ ಗಟ್ಟಿ ಅಂಶ) ಇರುತ್ತದೆ, ಕೊಯ್ದಷ್ಟೂ ಅದು ಕಲ್ಲಿಗೆ ಪಾಲಿಶ್ ಕೊಡುತ್ತದೆ. ಆ ಅಲಗುಗಳನ್ನು ಮರದ ಅಥವಾ ಎಲುಬಿನ ಹಿಡಿಗೆ ಸಿಕ್ಕಿಸಿ ಕುಡುಗೋಲು ಮಾಡುತ್ತಿದ್ದರು. ಹಿಡಿ ಹೋಗಿದೆ, ಹೊಳಪು ಉಳಿದಿದೆ. ಮೇಲಿನ ಹಲಗೆ ನೋಡದೆ ಬಂದಿದ್ದರೆ ಈ ಚಕ್ಕೆಗಳ ಮುಂದೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ, ಅಲ್ವಾ? ಒಂದು ಮಾತು ಮಾತ್ರ ಸೇರಿಸಬೇಕು. ಕುಡುಗೋಲಿನ ಹೊಳಪೋ, ಒಕ್ಕಣೆ ಹಲಗೆಯ ಹೊಳಪೋ ಅಂತ ಬರಿಗಣ್ಣಿಗೆ ಹೇಳಲಾಗದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಮೂರನೆಯದು ವಹಾಕಾದ ಕಥೆ. ಅಲ್ಲಿನ ಸಾಂತೊ ದೊಮಿಂಗೊ ಮಠ ನಡುವೆ ಸೈನಿಕರ ಬ್ಯಾರಕ್ ಆಗಿತ್ತು, ಈಗ ಮ್ಯೂಸಿಯಂ. ಹತ್ತಿರದ ಮೊಂತೆ ಅಲ್ಬಾನ್ ಬೆಟ್ಟದ 7ನೇ ಸಮಾಧಿಯನ್ನು 1932ರಲ್ಲಿ ಪುರಾತತ್ವಜ್ಞ ಅಲ್ಫೊನ್ಸೊ ಕಾಸೊ ತೆರೆದಾಗ ಸಿಕ್ಕ ಚಿನ್ನ, ಟರ್ಕಾಯ್ಸ್ ಅನ್ನುವ ಹಸಿರು-ನೀಲಿ ಹರಳು ಕೂರಿಸಿದ ತಲೆಬುರುಡೆ ಎಲ್ಲ ಇಲ್ಲಿವೆ. ಎಲ್ಲರೂ ಚಿನ್ನದ ಪೆಟ್ಟಿಗೆಗೇ ಮುತ್ತುತ್ತಾರೆ. ಅದೇ ಸಮಾಧಿಯಲ್ಲಿ ಕೆತ್ತನೆ ಮಾಡಿದ ಸಣ್ಣ ಎಲುಬಿನ ಪಟ್ಟಿಗಳೂ ಇದ್ದವು. ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗದಲ್ಲಿ ಹೊಕ್ಕಿನ ನೂಲನ್ನು ಬಡಿದು ಕೂರಿಸುವ ಹಲಗೆಯ ಆಕಾರ ಅವಕ್ಕೆ. ಆ ಮಗ್ಗ ಅಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಸಮಾಧಿಯ ಮುಖ್ಯ ವ್ಯಕ್ತಿ ಗಂಡಸು ಅಂತ ಮೊದಲು ಬರೆದಿದ್ದರು. ಈ ನೇಯ್ಗೆ ಸಾಮಾನು ನೋಡಿದ ನಂತರದ ಸಂಶೋಧಕರು, ಅದು ಹೆಣ್ಣು ಯಾಕಾಗಿರಬಾರದು ಅಂತ ಕೇಳಿದರು. ಚಿನ್ನದಿಂದ ಹುಟ್ಟಿದ ಪ್ರಶ್ನೆಯಲ್ಲ ಅದು.

ಹಾಗಂತ ಪ್ರತಿ ಹೋಲಿಕೆಯೂ ಪುರಾವೆ ಅಲ್ಲ. ನಡುವೆ ಸಾವಿರಾರು ವರ್ಷಗಳಿವೆ. ಆಕಾರ ಒಂದೇ ಇದ್ದು ಕೆಲಸ ಬೇರೆ ಇರಬಹುದು. ನೋಟ್‌ಬುಕ್ಕಿನಲ್ಲಿ ಜೋಡಿಯ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದೆ ಹೋಗಿ.

ಲೇಬಲ್‌ನಲ್ಲಿ ಏನು ಓದಬೇಕು

ಎಲ್ಲವನ್ನೂ ಓದಬೇಡಿ. ಸಿಕ್ಕ ಜಾಗ ಮೊದಲು, ಕಾಲ ಆಮೇಲೆ, ಕೊನೆಗೆ ಮೂಲೆಯಲ್ಲಿರುವ ನಂಬರ್.

ಜಾಗ ಯಾಕೆ ಮೊದಲು? ಬೋದ್ರುಮ್ ಮ್ಯೂಸಿಯಂನಲ್ಲಿ ಉಲುಬುರುನ್ ಅನ್ನುವ ಕಡೆ ಮುಳುಗಿದ ಹಡಗಿನ ಸಾಮಾನುಗಳಿವೆ. ಕ್ರಿ.ಪೂ. 14ನೇ ಶತಮಾನದ ಹಡಗು. 1984ರಿಂದ 1994ರವರೆಗೆ ನೀರಿಗಿಳಿದು ಅಗೆದರು. ಅದರಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಇತ್ತು. ಕಂಚು ಎರಕ ಹೊಯ್ಯಲು ಬೇಕಾದ ಪ್ರಮಾಣ ಹೆಚ್ಚುಕಡಿಮೆ ಅದೇ! ಅವು ಒಟ್ಟಿಗೆ ಸಿಕ್ಕಿದ್ದರಿಂದ ಇದು ಗೊತ್ತಾಯಿತು. ಅದೇ ಗಟ್ಟಿಗಳನ್ನು ಯಾರೋ ಕದ್ದು ಒಂದೊಂದಾಗಿ ಮಾರಿದ್ದರೆ ಅವು ಬರೀ ಲೋಹದ ತುಂಡುಗಳು. ಲೇಬಲ್‌ನಲ್ಲಿ “ಸಿಕ್ಕ ಜಾಗ ತಿಳಿದಿಲ್ಲ” ಅಂತಿದ್ದರೆ, ವಸ್ತು ಎಷ್ಟೇ ಚಂದ ಇರಲಿ, ಅದರ ಕಥೆಯ ಬಹುಪಾಲು ಕಳೆದುಹೋಗಿದೆ ಅಂತಲೇ ಲೆಕ್ಕ.

ಕಾಲದ ವಿಷಯದಲ್ಲಿ ಎಡವುವುದು ಸುಲಭ. ಕ್ರಿ.ಪೂ. ಮೂರನೇ ಸಹಸ್ರಮಾನ ಅಂದರೆ ಕ್ರಿ.ಪೂ. 3000ದಿಂದ 2001. ಅಂಕಿ ಇಳಿಯುತ್ತಾ ಬಂದಷ್ಟೂ ನಮಗೆ ಹತ್ತಿರ. ಕೆಲವು ಕಡೆ “ಬಿ.ಪಿ.” ಅಂತ ಇರುತ್ತದೆ, ಇಂದಿಗಿಂತ ಇಷ್ಟು ವರ್ಷ ಹಿಂದೆ ಅಂತ ಅರ್ಥ. ಆ “ಇಂದು” ಅಂದರೆ 1950. ವಸ್ತುವಿನ ವಯಸ್ಸು ಅಳೆಯುವ ಇಂಗಾಲ-14 ಪರೀಕ್ಷೆಯ ಲೆಕ್ಕಕ್ಕೆ ಇಟ್ಟುಕೊಂಡ ಇಸವಿ ಅದು. ಒಂದು ಕಾಲಕ್ಕೆ ಜೀವ ಇದ್ದ ವಸ್ತುಗಳಿಗೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ: ಇದ್ದಿಲು, ಎಲುಬು, ಕಾಳು. ಅದೂ ಸುಮಾರು 50,000 ವರ್ಷದವರೆಗೆ. ಕಲ್ಲಿನ ಕೊಡಲಿಗೆ ಇಂಗಾಲದ ದಿನಾಂಕ ಕೊಟ್ಟಿದ್ದರೆ, ಅದು ಕೊಡಲಿಯದಲ್ಲ. ಅದೇ ಪದರದಲ್ಲಿ ಜೊತೆಗೆ ಸಿಕ್ಕ ಇದ್ದಿಲಿನದೋ ಕಾಳಿನದೋ ಆಗಿರುತ್ತದೆ.

ನಂಬರಿನ ವಿಚಾರ ಯಾರೂ ಹೇಳಿಕೊಡುವುದಿಲ್ಲ. ಬಹಳ ಮ್ಯೂಸಿಯಂಗಳಲ್ಲಿ ಅದು 1962.14.3 ಅನ್ನುವ ಥರ ಇರುತ್ತದೆ. 1962ರಲ್ಲಿ ಬಂದ 14ನೇ ಗುಂಪಿನ 3ನೇ ವಸ್ತು ಅಂತ. ಮಡಕೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನೇ ಬರೆದಿರುತ್ತಾರೆ. ಅಕ್ಕಪಕ್ಕದ ಹತ್ತು ವಸ್ತುಗಳಿಗೆ ಒಂದೇ ಇಸವಿ, ಒಂದೇ ಗುಂಪು ಇದ್ದರೆ ಅವೆಲ್ಲ ಒಂದೇ ಕಡೆಯಿಂದ, ಒಂದೇ ಸಲ ಬಂದವು. ಒಬ್ಬ ಸಂಗ್ರಾಹಕನ ಅಭಿರುಚಿಯನ್ನು ನಾವು ಇಡೀ ಪ್ರದೇಶದ ಚರಿತ್ರೆ ಅಂದುಕೊಂಡು ನೋಡುತ್ತಿರಬಹುದು.

ಅಸಲಿ ಎಷ್ಟು, ತುಂಬಿಸಿದ್ದು ಎಷ್ಟು

ಮಡಕೆಯನ್ನು ನೇರವಾಗಿ ನೋಡುವ ಬದಲು ಪಕ್ಕದಿಂದ ನೋಡಿ. ಒಂದಿಷ್ಟು ಭಾಗ ಚಪ್ಪಟೆ ಬಣ್ಣದಲ್ಲಿ, ಚುಕ್ಕೆ ಗೆರೆ ಏನೂ ಇಲ್ಲದೆ ಇದ್ದರೆ ಅದು ಪ್ಲಾಸ್ಟರ್. ಆರು ಅಡಿ ದೂರದಿಂದ ಕಾಣಬಾರದು, ಆರು ಇಂಚು ಹತ್ತಿರದಿಂದ ಕಾಣಬೇಕು ಅನ್ನುವುದು ಸಂರಕ್ಷಣೆ ಕೆಲಸದವರು ಹೇಳುವ ಹಳೇ ಲೆಕ್ಕ. ಮೂರೇ ಚೂರಿನಿಂದ ಇಡೀ ಹೂಜಿ ಕಟ್ಟಿದ್ದೂ ಇರುತ್ತದೆ. ಕಂಠದ ಒಂದು ಚೂರು ಸಿಕ್ಕರೆ ಸುತ್ತಳತೆ ತಿಳಿಯುತ್ತದೆ, ಅದರಿಂದ ಸಾಧ್ಯ.

ಟರ್ಕಿಯಲ್ಲಿ ಚಾತಾಲ್‌ಹೊಯುಕ್ ಅನ್ನುವ ಶಿಲಾಯುಗದ ಊರಿನ ಜಾಗದಲ್ಲಿ ಸಿಕ್ಕಿ, ಈಗ ಅಂಕಾರಾದಲ್ಲಿರುವ ಕೂತ ಹೆಣ್ಣಿನ ಮಣ್ಣಿನ ಗೊಂಬೆಯ ಫೋಟೋ ಪುಸ್ತಕಗಳಲ್ಲಿ ನೋಡಿರಬಹುದು. ಎರಡು ಪಕ್ಕದಲ್ಲೂ ಚಿರತೆಯಂಥ ಪ್ರಾಣಿ, ಅವುಗಳ ತಲೆ ಮೇಲೆ ಕೈ. ಪುರಾತತ್ವಜ್ಞ ಜೇಮ್ಸ್ ಮೆಲ್ಲಾರ್ಟ್ 1961ರಲ್ಲಿ ಅಗೆದು ತೆಗೆದದ್ದು, ಸುಮಾರು 8,000 ವರ್ಷ ಹಳೆಯದು. ಅದರ ತಲೆ ಮಾತ್ರ ಈ ಕಾಲದಲ್ಲಿ ಮಾಡಿ ಕೂರಿಸಿದ್ದು. ಎಷ್ಟೋ ಜನ ಆ ಮುಖದ ಗಾಂಭೀರ್ಯವನ್ನೇ ಹೊಗಳಿ ಹೋಗುತ್ತಾರೆ.

ಅಡುಗೆ ಮಡಕೆಯಾದರೆ ತಳದ ಮಸಿ ಹುಡುಕಿ. ಹಿಡಿಯ ಹತ್ತಿರ ಬೆರಳ ಗುರುತು ಇದೆಯಾ ನೋಡಿ, ಹಸಿ ಮಣ್ಣನ್ನು ಒತ್ತಿದ ಬೆರಳು ಅಲ್ಲೇ ಉಳಿದಿರುತ್ತದೆ. ಒಳಮೈಯಲ್ಲಿ ಸುತ್ತು ಗೆರೆ ಇದ್ದರೆ ತಿಗರಿ ಮೇಲೆ ತಿರುಗಿಸಿದ್ದು. ಇಲ್ಲದಿದ್ದರೆ ಕೈಯಲ್ಲೇ ಕಟ್ಟಿದ್ದಿರಬಹುದು.

ಮಕ್ಕಳು, ಫೋಟೋ, ಕೊನೆಯ ಅರ್ಧ ಗಂಟೆ

ಮಕ್ಕಳಿಗೆ ಇತಿಹಾಸ ಹೇಳೋಕೆ ಹೋಗಬೇಡಿ, ಜೋಡಿ ಹುಡುಕುವ ಕೆಲಸವನ್ನೇ ಅವರಿಗೆ ಕೊಡಿ. ದೊಡ್ಡವರಿಗಿಂತ ಬೇಗ ಹುಡುಕುತ್ತಾರೆ. ಒಂದೂವರೆ ಗಂಟೆ ದಾಟಿಸಬೇಡಿ.

ಫೋಟೋಗೆ ಅನುಮತಿ ಇದ್ದರೂ ಫ್ಲ್ಯಾಶ್ ಬೇಡ. ವಸ್ತುವಿನ ಫೋಟೋ ತೆಗೆದ ಮೇಲೆ ಲೇಬಲ್ಲಿನದೂ ಒಂದು ತೆಗೆಯಿರಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವುದು ಏನು ಅಂತ ಗೊತ್ತಾಗುವುದಿಲ್ಲ. ಗಾಜಿನ ಪ್ರತಿಫಲನ ತಪ್ಪಿಸಲು ಫೋನನ್ನು ಗಾಜಿಗೆ ಹತ್ತಿರ ಹಿಡಿಯಿರಿ, ತಾಗಿಸಬೇಡಿ. ಲೇಬಲ್ ಗೊತ್ತಿಲ್ಲದ ಭಾಷೆಯಲ್ಲಿದ್ದರೆ ಫೋನಿನ ಅನುವಾದದ ಆ್ಯಪ್ ಸಾಕು. ಆದರೆ ಉಪಕರಣಗಳ ಹೆಸರಲ್ಲಿ ಅದು ಏನೇನೋ ಹೇಳುತ್ತದೆ, ನಂಬಬೇಡಿ.

ಕೊನೆಯ ಅರ್ಧ ಗಂಟೆ ಕೇಳುವುದಕ್ಕೆ ಇಟ್ಟುಕೊಳ್ಳಿ. ಕೋಣೆ ಕಾಯುವವರಲ್ಲಿ ಆ ಊರಿನವರೇ ಜಾಸ್ತಿ. ಒಕ್ಕಣೆ ಹಲಗೆಯ ಮೇಲೆ ಚಿಕ್ಕಂದಿನಲ್ಲಿ ಕೂತು ಸುತ್ತು ಹೊಡೆದವರೂ ಅವರಲ್ಲಿ ಇರಬಹುದು. ಅವರಿಗೆ ಗೊತ್ತಿಲ್ಲದ್ದನ್ನು ಕಚೇರಿಗೆ ಬರೆದು ಕೇಳಬಹುದು. ಮ್ಯೂಸಿಯಂಗಳು ತೋರಿಸುವುದು ತಮ್ಮಲ್ಲಿರುವುದರಲ್ಲಿ ಸ್ವಲ್ಪವನ್ನು ಮಾತ್ರ, ಉಳಿದದ್ದು ಉಗ್ರಾಣದಲ್ಲಿ. ಪತ್ರದಲ್ಲಿ “ಆ ಮೂಲೆಯ ಕೆಂಪು ಮಡಕೆ” ಅಂತ ಬರೆದರೆ ಯಾರಿಗೂ ತಿಳಿಯುವುದಿಲ್ಲ. ವಸ್ತುವಿನ ನಂಬರ್ ಬರೆಯಿರಿ, ಕೋಣೆ ಯಾವುದು ಅಂತ ಹೇಳಿ, ಒಂದೇ ಪ್ರಶ್ನೆ ಕೇಳಿ, ಫೋಟೋ ಜೊತೆಗಿಡಿ. ಉತ್ತರ ಬರಲು ವಾರಗಳು ಹಿಡಿಯಬಹುದು.